ಒಂದು ಗ್ರಾಮಿಗೂ ಕಡಿಮೆ ಕೊಬ್ಬು: ಶುಗರ್ ಬಗ್ಗೆ ನ್ಯೂಕ್ಯಾಸಲ್ ಪ್ರಯೋಗಗಳು ಹೇಳಿದ್ದೇನು?

ಬೊಜ್ಜಿನ ಆಪರೇಷನ್ನಿಗೆ ಹೆಸರು ಬರೆಸಿದ್ದ 27 ಜನರನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿದರು. ಅವರಲ್ಲಿ 18 ಜನರಿಗೆ ಟೈಪ್ 2 ಮಧುಮೇಹವಿತ್ತು, 9 ಜನರಿಗೆ ಇರಲಿಲ್ಲ. ಆಪರೇಷನ್ ಆಗಿ ಎಂಟು ವಾರಕ್ಕೆ ಮತ್ತೆ ಅದೇ ಪರೀಕ್ಷೆ. ಎರಡೂ ಗುಂಪಿನವರ ತೂಕ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಆದರೆ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ, ಒಳಗಿದ್ದ ಕೊಬ್ಬು ಕರಗಿದ್ದು ಶುಗರ್ ಇದ್ದವರಲ್ಲಿ ಮಾತ್ರ. ಕರಗಿದ್ದಾದರೂ ಎಷ್ಟು? ಸುಮಾರು 0.6 ಗ್ರಾಂ. ಅಷ್ಟು ಹೊತ್ತಿಗೆ ಅವರ ಇನ್ಸುಲಿನ್ ಸ್ರವಿಕೆ ಸಹಜ ಸ್ಥಿತಿಗೆ ಮರಳಿತ್ತು.

2015ರ ಕೊನೆಗೆ ಈ ಫಲಿತಾಂಶ ಹೊರಬಂದಾಗ ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆದವು. 'ಶುಗರ್ ರಿವರ್ಸ್ ಮಾಡ್ತೀವಿ' ಎನ್ನುವ ಜಾಹೀರಾತುಗಳಿಗಂತೂ ಈಗ ಬರವೇ ಇಲ್ಲ. ಈ ಗದ್ದಲದ ಹಿಂದೆ ಗಟ್ಟಿ ವಿಜ್ಞಾನವೂ ಇದೆ. ಅದರಲ್ಲಿ ಬಹುಪಾಲು ಬಂದದ್ದು ನ್ಯೂಕ್ಯಾಸಲ್‌ನ ಪ್ರೊಫೆಸರ್ ರಾಯ್ ಟೇಲರ್ ಮತ್ತು ಅವರ ತಂಡದಿಂದ. ಅವರ ಕೆಲಸದಲ್ಲಿ ಯಾವುದು ಸಾಬೀತಾಗಿದೆ, ಯಾವುದು ಇನ್ನೂ ವಾದದಲ್ಲಿದೆ ಎಂದು ಬಿಡಿಸಿ ನೋಡುವ ಅಗತ್ಯವಿದೆ. ಎಲ್ಲರೂ ತೂಕದ ಬಗ್ಗೆಯೇ ಮಾತಾಡುತ್ತಾರೆ. ನನ್ನ ಕಣ್ಣಿಗೆ ಈ ಸಂಶೋಧನೆಯಲ್ಲಿ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸಮಯ. ಕಾಯಿಲೆ ಗೊತ್ತಾದ ಮೇಲಿನ ಮೊದಲ ಕೆಲವು ವರ್ಷಗಳು.

ಹಳೆಯ ಲೆಕ್ಕ

ಪ್ಯಾಂಕ್ರಿಯಾಸ್ ಇರುವುದು ಹೊಟ್ಟೆಯ ಹಿಂಭಾಗದಲ್ಲಿ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ಹೆಚ್ಚೆಂದರೆ 100 ಗ್ರಾಂ. ಅದರ ಬಹುಭಾಗ ಮಾಡುವುದು ಜೀರ್ಣರಸ ತಯಾರಿಸುವ ಕೆಲಸ. ರಕ್ತದ ಸಕ್ಕರೆ ನೋಡಿಕೊಳ್ಳುವ ಜೀವಕೋಶಗಳ ಗುಂಪುಗಳು ಅಲ್ಲಲ್ಲಿ ಚದುರಿಕೊಂಡಿವೆ. ಇಡೀ ಗ್ರಂಥಿಯಲ್ಲಿ ಅವುಗಳ ಪಾಲು ಶೇ 1ರಿಂದ 2 ಅಷ್ಟೇ. 1869ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಇವುಗಳನ್ನು ಮೊದಲು ಗುರುತಿಸಿದ. ಇವು ಯಾಕಿವೆ ಎಂದು ಅವನಿಗೇ ಗೊತ್ತಾಗಲಿಲ್ಲ. ಈ ಗುಂಪುಗಳೊಳಗಿನ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ದೇಹದ ಎಲ್ಲ ಬೀಟಾ ಕೋಶಗಳನ್ನೂ ಕೂಡಿಸಿದರೆ ಒಂದು ಗ್ರಾಂ ಆಸುಪಾಸು ತೂಗಬಹುದು.

ಟೈಪ್ 2 ಮಧುಮೇಹದಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ ಎಂಬುದು ಬಹಳ ಕಾಲದ ತಿಳಿವಳಿಕೆ. ಅದಕ್ಕೆ ಕಾರಣವೂ ಇತ್ತು. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಅರ್ಧದಷ್ಟು ಇಳಿದಿರುತ್ತದೆ ಎಂದು ಅದರಿಂದ ಗೊತ್ತಾಯಿತು. ಆಮೇಲೂ ಇಳಿಯುತ್ತಲೇ ಹೋಗುತ್ತದೆ. ಮೊದಲು ಒಂದು ಗುಳಿಗೆ, ಕೆಲವು ವರ್ಷಕ್ಕೆ ಎರಡು, ಆಮೇಲೆ ಇನ್ಸುಲಿನ್ ಇಂಜೆಕ್ಷನ್. 2003ರಲ್ಲಿ ಪೀಟರ್ ಬಟ್ಲರ್ ತಂಡ ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ ಪ್ಯಾಂಕ್ರಿಯಾಸ್‌ಗಳನ್ನು ಪರಿಶೀಲಿಸಿತು. ದಪ್ಪಗಿದ್ದ ಮಧುಮೇಹಿಗಳಲ್ಲಿ ಬೀಟಾ ಕೋಶಗಳ ಪ್ರಮಾಣ ಅಷ್ಟೇ ದಪ್ಪಗಿದ್ದ ಆರೋಗ್ಯವಂತರಿಗಿಂತ ಶೇ 63ರಷ್ಟು ಕಡಿಮೆ ಕಂಡಿತು. ಸತ್ತ ಕೋಶ ಎದ್ದು ಬರುತ್ತದಾ? ಇಲ್ಲ. ಹಾಗಾಗಿ ಶುಗರ್ ಒಮ್ಮೆ ಬಂದರೆ ಜೀವನಪೂರ್ತಿ, ಮುಂದೆ ಜಾಸ್ತಿಯಾಗುವುದೇ ಹೊರತು ಕಡಿಮೆಯಾಗುವುದಿಲ್ಲ ಎಂಬ ಮಾತು ವೈದ್ಯರ ಬಾಯಲ್ಲೂ ರೋಗಿಗಳ ಬಾಯಲ್ಲೂ ಗಟ್ಟಿಯಾಯಿತು.

ಇದಕ್ಕೆ ಹೊಂದದ ಒಂದು ಸಂಗತಿ ಮಾತ್ರ ಕಣ್ಣೆದುರೇ ಇತ್ತು. ಅಮೆರಿಕದ ಸರ್ಜನ್ ವಾಲ್ಟರ್ ಪೋರೀಸ್ 1995ರಲ್ಲಿ ತಮ್ಮ ಬೊಜ್ಜಿನ ಆಪರೇಷನ್ ರೋಗಿಗಳ ಲೆಕ್ಕ ಕೊಟ್ಟರು. ಟೈಪ್ 2 ಮಧುಮೇಹವಿದ್ದ 146 ಜನರಲ್ಲಿ 121 ಜನರ ಸಕ್ಕರೆ ಮಟ್ಟ ಸಹಜವಾಗಿತ್ತು. ಅದೂ ತೂಕ ಪೂರ್ತಿ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಇಳಿಯುತ್ತಿತ್ತು. ಕರುಳಿನ ಜೋಡಣೆ ಬದಲಾದಾಗ ಯಾವುದೋ ಹಾರ್ಮೋನು ಈ ಪವಾಡ ಮಾಡುತ್ತಿರಬೇಕು ಎಂದು ಹೆಚ್ಚಿನವರು ಅಂದುಕೊಂಡರು.

ಟೇಲರ್ ಬೇರೆ ದಾರಿಯಲ್ಲಿ ಯೋಚಿಸಿದರು. ಆಪರೇಷನ್ ಆದವರು ಮೊದಲ ಕೆಲವು ದಿನ ತಿನ್ನುವುದೇ ಇಲ್ಲವಲ್ಲ! ಸಕ್ಕರೆ ಇಳಿಯಲು ಅಷ್ಟೇ ಸಾಕಾಗಿರಬಹುದಲ್ವಾ? ಈ ಅನುಮಾನ ಸುಳ್ಳಾಗಲಿಲ್ಲ. 2013ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬೇರೊಂದು ತಂಡ ಹತ್ತು ರೋಗಿಗಳ ಮೇಲೆ ಒಂದು ಜಾಣ ಪ್ರಯೋಗ ಮಾಡಿತು. ಆಪರೇಷನ್ ಆದ ಮೇಲೆ ಕೊಡುವ ಆಹಾರವನ್ನೇ ಆಪರೇಷನ್ನಿಗೆ ಮೊದಲೇ ಹತ್ತು ದಿನ ಕೊಟ್ಟಿತು. ಚಾಕು ತಾಗದೆಯೇ ಸಕ್ಕರೆ ಇಳಿಯಿತು. ಅದೇ ಜನರಲ್ಲಿ ಆಪರೇಷನ್ ನಂತರ ಇಳಿದದ್ದಕ್ಕಿಂತ ಕಡಿಮೆಯೇನೂ ಅಲ್ಲ.

ಎರಡು ಚಕ್ರ

2008ರಲ್ಲಿ ಟೇಲರ್ ತಮ್ಮ ವಾದವನ್ನು ಪ್ರಕಟಿಸಿದರು. ಅದರಲ್ಲಿ ಎರಡು ಚಕ್ರಗಳಿವೆ, ಒಂದು ಯಕೃತ್ತಿನದು, ಇನ್ನೊಂದು ಪ್ಯಾಂಕ್ರಿಯಾಸ್‌ನದು.

ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತಿಂದರೆ ಅದು ಮೊದಲು ಚರ್ಮದ ಕೆಳಗೆ ಕೊಬ್ಬಾಗಿ ಕೂರುತ್ತದೆ. ಅಲ್ಲಿ ಕೂತ ಕೊಬ್ಬಿನಿಂದ ಅಂತಹ ಅಪಾಯವಿಲ್ಲ. ಆದರೆ ಅಲ್ಲಿ ಹಿಡಿಸುವಷ್ಟೇ ಹಿಡಿಸುತ್ತದೆ. ಕೆರೆ ತುಂಬಿದ ಮೇಲೆ ಕೋಡಿ ಹರಿಯುವ ಹಾಗೆ, ಮಿಕ್ಕಿದ ಕೊಬ್ಬು ಯಕೃತ್ತಿಗೆ ಹರಿಯುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ ಮಾತು ಕೇಳುವುದಿಲ್ಲ. ರಾತ್ರಿಯೆಲ್ಲಾ ಬೇಡದಿದ್ದರೂ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿದಾಗ ಶುಗರ್ ಜಾಸ್ತಿ ಬರುವುದು ಮುಖ್ಯವಾಗಿ ಇದರಿಂದ. 'ರಾತ್ರಿ ಏನೂ ತಿಂದಿಲ್ಲ, ಆದರೂ ಯಾಕೆ?' ಎಂದು ಬಹಳಷ್ಟು ಜನ ಕೇಳುತ್ತಾರಲ್ಲ, ಉತ್ತರ ಯಕೃತ್ತಿನಲ್ಲಿದೆ. ಸಕ್ಕರೆ ಏರಿದ್ದು ಕಂಡು ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಸಕ್ಕರೆಯನ್ನು ಕೊಬ್ಬಾಗಿಸುವ ಕೆಲಸವನ್ನು ಯಕೃತ್ತು ಆ ಇನ್ಸುಲಿನ್ ಬಲದಿಂದಲೇ ಇನ್ನೂ ಜೋರಾಗಿ ಮಾಡುತ್ತದೆ. ಕೊಬ್ಬು ಮತ್ತೆ ಹೆಚ್ಚುತ್ತದೆ. ಇದು ಮೊದಲ ಚಕ್ರ.

ಎರಡನೆಯದು ಇಲ್ಲಿಂದ ಶುರು. ಯಕೃತ್ತು ತನ್ನಲ್ಲಿ ಹೆಚ್ಚಾದ ಕೊಬ್ಬನ್ನು ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಕಳಿಸುತ್ತದೆ. ಆ ಕೊಬ್ಬಿನ ಒಂದಂಶ ಪ್ಯಾಂಕ್ರಿಯಾಸ್‌ನಲ್ಲಿ ಸೇರಿಕೊಳ್ಳುತ್ತದೆ. ಕೊಬ್ಬಿನ ಸಹವಾಸದಲ್ಲಿ ಬೀಟಾ ಕೋಶಗಳು ಕೆಡುತ್ತವೆ ಎಂದು ಡಲ್ಲಾಸ್‌ನ ರೋಜರ್ ಉಂಗರ್ 1990ರ ದಶಕದಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಮನುಷ್ಯರಲ್ಲಿ ಹೀಗಾದಾಗ ಊಟದ ನಂತರ ಏರುವ ಸಕ್ಕರೆಗೆ ತಕ್ಕಷ್ಟು ಇನ್ಸುಲಿನ್ ಸಮಯಕ್ಕೆ ಹೊರಬರುವುದಿಲ್ಲ. ಎರಡೂ ಚಕ್ರ ಸೇರಿಕೊಂಡು ವರ್ಷಗಟ್ಟಲೆ ತಿರುಗಿ, ಒಂದು ದಿನ ರಕ್ತ ಪರೀಕ್ಷೆಯಲ್ಲಿ ಶುಗರ್ ಎಂದು ಬರುತ್ತದೆ.

ಈ ವಾದದ ಚೆಂದ ಏನೆಂದರೆ ಅದನ್ನು ಸುಳ್ಳು ಮಾಡುವುದು ಸುಲಭ. ಕೊಬ್ಬನ್ನು ತೆಗೆದು ನೋಡಿ. ಚಕ್ರ ಹಿಂದಕ್ಕೆ ತಿರುಗದಿದ್ದರೆ ವಾದ ತಪ್ಪು.

ಏಳು ದಿನ, ಎಂಟು ವಾರ

ಕೌಂಟರ್‌ಪಾಯಿಂಟ್ ಎಂಬ ಪ್ರಯೋಗದ ಫಲಿತಾಂಶ ಬಂದದ್ದು 2011ರಲ್ಲಿ. ಅದರಲ್ಲಿದ್ದವರು ಬರೀ 11 ಜನ. ಎಲ್ಲರಿಗೂ ಶುಗರ್ ಪತ್ತೆಯಾಗಿ ನಾಲ್ಕು ವರ್ಷಕ್ಕಿಂತ ಕಡಿಮೆ ಆಗಿತ್ತು. ಗುಳಿಗೆ ನಿಲ್ಲಿಸಿ, ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಮಾತ್ರ ಕೊಟ್ಟರು. ಹೆಚ್ಚಾಗಿ ದ್ರವರೂಪದ ಪಥ್ಯ, ಜೊತೆಗೆ ಸ್ವಲ್ಪ ತರಕಾರಿ.

ಮೊದಲ ವಾರ ಮುಗಿಯುವಷ್ಟರಲ್ಲಿ ಖಾಲಿ ಹೊಟ್ಟೆಯ ಶುಗರ್ ಸರಾಸರಿ 166ರಿಂದ 106 ಮಿಲಿಗ್ರಾಂಗೆ ಇಳಿದಿತ್ತು. ಆ ಏಳು ದಿನದಲ್ಲಿ ಯಕೃತ್ತಿನ ಕೊಬ್ಬು ಶೇ 30ರಷ್ಟು ಕರಗಿತ್ತು. ಎಂಟು ವಾರಕ್ಕೆ ಅದು ಶೇ 12.8ರಿಂದ 2.9ಕ್ಕೆ ಬಂದಿತ್ತು. ಇದು ಮೊದಲ ಚಕ್ರದ ಕಥೆ. ಇಷ್ಟು ಬೇಗ ಆಗುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಪ್ಯಾಂಕ್ರಿಯಾಸ್ ಅಷ್ಟು ಅವಸರ ಮಾಡಲಿಲ್ಲ. ಅದನ್ನು ಅಳೆಯುವ ರೀತಿಯೇ ಬೇರೆ. ಆರೋಗ್ಯವಂತರ ರಕ್ತದಲ್ಲಿ ಸಕ್ಕರೆ ಥಟ್ಟನೆ ಏರಿದರೆ, ಬೀಟಾ ಕೋಶಗಳು ಮೊದಲೇ ಕೂಡಿಟ್ಟ ಇನ್ಸುಲಿನ್ನನ್ನು ಕೆಲವೇ ನಿಮಿಷದಲ್ಲಿ ಒಮ್ಮೆಗೇ ಹೊರಗೆ ತಳ್ಳುತ್ತವೆ. ಇದು ಮೊದಲ ಹಂತದ ಸ್ರವಿಕೆ. ಆಮೇಲೆ ನಿಧಾನವಾಗಿ ಬರುವುದು ಎರಡನೇ ಹಂತ. ಟೈಪ್ 2 ಮಧುಮೇಹದಲ್ಲಿ ಮೊದಲು ಹೋಗುವುದು ಈ ಮೊದಲ ಹಂತವೇ. ಹೋದರೆ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ಕೌಂಟರ್‌ಪಾಯಿಂಟ್‌ನಲ್ಲಿ ವಾರ ವಾರಕ್ಕೂ ಅದು ಚೇತರಿಸಿಕೊಂಡು, ಎಂಟನೇ ವಾರಕ್ಕೆ ಆರೋಗ್ಯವಂತರ ಮಟ್ಟದ ಹತ್ತಿರ ಬಂತು. ಪ್ಯಾಂಕ್ರಿಯಾಸ್‌ನ ಕೊಬ್ಬು ಅಷ್ಟರಲ್ಲಿ ಶೇ 8ರಿಂದ 6.2ಕ್ಕೆ ಇಳಿದಿತ್ತು.

ಅಂದಮೇಲೆ ಆ ಕೋಶಗಳು ಸತ್ತಿರಲಿಲ್ಲ. ಕೆಲಸ ಬಿಟ್ಟು ಕೂತಿದ್ದವು.

ಇದೇ ಹೊತ್ತಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೊಮೆನಿಕೊ ಅಚ್ಚಿಲಿ ಅವರ ತಂಡ ಇನ್ನೊಂದು ಕಡೆಯಿಂದ ಇದೇ ಜಾಗಕ್ಕೆ ಬಂದು ಮುಟ್ಟಿತು. ಒತ್ತಡಕ್ಕೆ ಸಿಕ್ಕ ಬೀಟಾ ಕೋಶಗಳು ಸಾಯುವ ಬದಲು ತಮ್ಮ ಗುರುತನ್ನೇ ಕಳೆದುಕೊಂಡು ಇನ್ನೂ ಬೆಳೆಯದ ಕೋಶಗಳಂತೆ ಆಗಿಬಿಡುತ್ತವೆ ಎಂದು 2012ರಲ್ಲಿ ಇಲಿಗಳಲ್ಲಿ ತೋರಿಸಿತು. ಇನ್ಸುಲಿನ್ ತಯಾರಿಸದ ಬೀಟಾ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಬೀಟಾ ಕೋಶ ಎಂದು ಗುರುತಿಸುವುದು ಕಷ್ಟ. ಮರಣೋತ್ತರ ಪರೀಕ್ಷೆಯಲ್ಲಿ ಕಾಣೆಯಾಗಿದ್ದ ಕೋಶಗಳಲ್ಲಿ ಒಂದಷ್ಟು ಅಲ್ಲೇ ಇದ್ದವು, ಲೆಕ್ಕಕ್ಕೆ ಸಿಕ್ಕಿರಲಿಲ್ಲ ಎಂದು ಈಗ ಅನುಮಾನಿಸಬಹುದು. ಎಲ್ಲವೂ ಹಾಗೆಯೇ ಎಂದಲ್ಲ. ಕಾಯಿಲೆ ಹಳೆಯದಾದಂತೆ ನಿಜವಾಗಿ ಸಾಯುವ ಕೋಶಗಳೂ ಇವೆ.

ಕೊಬ್ಬು ಹೋದರೂ ಕೆಲವರಿಗೆ ಶುಗರ್ ಹೋಗಲಿಲ್ಲ, ಯಾಕೆ?

ನನ್ನ ಪ್ರಕಾರ ಈ ಇಡೀ ಸಂಶೋಧನೆಯ ತಿರುಳು ಇಲ್ಲಿದೆ. ಸುದ್ದಿಯಲ್ಲಿ ಜಾಸ್ತಿ ಬಾರದ ಭಾಗವೂ ಇದೇ.

ಮುಂದಿನ ಪ್ರಯೋಗ ಕೌಂಟರ್‌ಬ್ಯಾಲೆನ್ಸ್. ಇದರಲ್ಲಿ 30 ಜನ. ಆರು ತಿಂಗಳ ಹಿಂದೆ ಶುಗರ್ ಗೊತ್ತಾದವರಿಂದ ಹಿಡಿದು 23 ವರ್ಷದ ಹಳೆಯ ರೋಗಿಗಳವರೆಗೆ ಎಲ್ಲರೂ ಇದ್ದರು. ಎಂಟು ವಾರ ಕಡಿಮೆ ಕ್ಯಾಲೊರಿ ಪಥ್ಯ, ಆಮೇಲೆ ತೂಕ ಏರದಂತೆ ಆರು ತಿಂಗಳ ನಿಗಾ. 2016ರಲ್ಲಿ ಫಲಿತಾಂಶ ಬಂತು. ಸುಮಾರು ಶೇ 40 ಜನರ ಖಾಲಿ ಹೊಟ್ಟೆಯ ಶುಗರ್ ಮಧುಮೇಹದ ಗೆರೆಗಿಂತ ಕೆಳಗೆ ಬಂದಿತ್ತು. ಉಳಿದವರದು ಬರಲಿಲ್ಲ.

ಅವರು ಸರಿಯಾಗಿ ಪಥ್ಯ ಮಾಡಲಿಲ್ಲವೇನೋ ಎಂದು ಅನ್ನಿಸಬಹುದು. ಹಾಗಲ್ಲ. ಎರಡೂ ಗುಂಪಿನ ತೂಕ ಒಂದೇ ಥರ ಇಳಿದಿತ್ತು. ಯಕೃತ್ತಿನ ಕೊಬ್ಬೂ ಕರಗಿತ್ತು. ವ್ಯತ್ಯಾಸ ಇದ್ದದ್ದು ಒಂದೇ ಕಡೆ, ಬೀಟಾ ಕೋಶಗಳ ಮೊದಲ ಹಂತದ ಸ್ರವಿಕೆಯಲ್ಲಿ. ಒಂದು ಗುಂಪಿನಲ್ಲಿ ಅದು ಮರಳಿತು, ಇನ್ನೊಂದರಲ್ಲಿ ಮರಳಲಿಲ್ಲ. ಮರಳಿದವರಿಗೆ ಶುಗರ್ ಬಂದು ಸರಾಸರಿ 3.8 ವರ್ಷ ಆಗಿತ್ತು. ಮರಳದವರಿಗೆ 9.8 ವರ್ಷ.

ಅಂದರೆ ಹತ್ತು ವರ್ಷ ಹಳೆಯ ರೋಗಿ ಹೊಸ ರೋಗಿಯಷ್ಟೇ ಕಷ್ಟಪಟ್ಟು ಅಷ್ಟೇ ತೂಕ ಇಳಿಸಿದರೂ ಪ್ಯಾಂಕ್ರಿಯಾಸ್ ಮತ್ತೆ ಏಳದೆ ಇರಬಹುದು. ಇದರಲ್ಲಿ ಅವನ ತಪ್ಪೇನೂ ಇಲ್ಲ. 'ಮನಸ್ಸು ಮಾಡಿದರೆ ಎಲ್ಲರಿಗೂ ಆಗುತ್ತೆ' ಎನ್ನುವ ಜಾಹೀರಾತುಗಳು ಹೇಳದೆ ಬಿಡುವುದು ಇದನ್ನೇ. ಅವರಿಗೆ ತೂಕ ಇಳಿಸಿದ್ದು ದಂಡವಾಗುವುದಿಲ್ಲ. ರಕ್ತದೊತ್ತಡ ಇಳಿಯುತ್ತದೆ, ಗುಳಿಗೆ ಕಡಿಮೆಯಾಗಬಹುದು. ಆದರೆ ಭರವಸೆ ಕೊಡುವಾಗ ಅಳತೆ ಇರಬೇಕಲ್ವಾ?

ದೊಡ್ಡ ಪ್ರಯೋಗ

ಹತ್ತು, ಮೂವತ್ತು ಜನರ ಪ್ರಯೋಗ ಇಟ್ಟುಕೊಂಡು ಚಿಕಿತ್ಸೆ ಬದಲಿಸಲಾಗದು. ಹಾಗಾಗಿ ಟೇಲರ್, ಗ್ಲಾಸ್ಗೋದ ಪ್ರೊಫೆಸರ್ ಮೈಕ್ ಲೀನ್ ಜೊತೆ ಸೇರಿ ಡೈರೆಕ್ಟ್ ಎಂಬ ದೊಡ್ಡ ಪ್ರಯೋಗ ನಡೆಸಿದರು. ದುಡ್ಡು ಕೊಟ್ಟದ್ದು ಡಯಾಬಿಟಿಸ್ ಯುಕೆ ಎಂಬ ಸಂಸ್ಥೆ. ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡ್‌ನ 49 ಸಾಮಾನ್ಯ ಕ್ಲಿನಿಕ್‌ಗಳಲ್ಲಿ ಇದು ನಡೆಯಿತು. 20ರಿಂದ 65 ವರ್ಷದವರು, ಶುಗರ್ ಬಂದು ಆರು ವರ್ಷ ಮೀರದವರು, ಇನ್ಸುಲಿನ್ ತೆಗೆದುಕೊಳ್ಳದವರು. ಒಂದೊಂದು ಗುಂಪಿನಲ್ಲಿ 149 ಜನ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ಸೂಪು, ಶೇಕ್ ಮಾತ್ರ. ನಂತರ ಹಂತಹಂತವಾಗಿ ಮಾಮೂಲಿ ಊಟ. ಶುಗರ್ ಮತ್ತು ಬಿಪಿ ಗುಳಿಗೆಗಳು ಮೊದಲ ದಿನವೇ ಬಂದ್.

2017ರ ಡಿಸೆಂಬರ್‌ನಲ್ಲಿ ಒಂದು ವರ್ಷದ ಫಲಿತಾಂಶ ಬಂತು. ಪಥ್ಯದ ಗುಂಪಿನಲ್ಲಿ ಶೇ 46 ಜನರಿಗೆ ಗುಳಿಗೆಯಿಲ್ಲದೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆಯ ಅಂಕಿ, ಶೇ 6.5ಕ್ಕಿಂತ ಕೆಳಗಿತ್ತು. ಎಂದಿನ ಚಿಕಿತ್ಸೆಯವರಲ್ಲಿ ಶೇ 4 ಮಾತ್ರ. ತೂಕಕ್ಕೂ ಫಲಕ್ಕೂ ನೇರ ನಂಟು ಕಂಡಿತು. 5 ಕಿಲೋ ಒಳಗೆ ಇಳಿಸಿದವರಲ್ಲಿ ಶೇ 7, 5ರಿಂದ 10 ಕಿಲೋ ಇಳಿಸಿದವರಲ್ಲಿ ಶೇ 34, 10ರಿಂದ 15 ಕಿಲೋ ಇಳಿಸಿದವರಲ್ಲಿ ಶೇ 57. 15 ಕಿಲೋ ಅಥವಾ ಜಾಸ್ತಿ ಇಳಿಸಿದವರಲ್ಲಿ ಶೇ 86. ಆದರೆ ಅಷ್ಟು ಇಳಿಸಲು ಆದದ್ದು ನಾಲ್ವರಲ್ಲಿ ಒಬ್ಬರಿಗೆ ಎಂಬುದನ್ನೂ ಜೊತೆಗೇ ಓದಬೇಕು. ಬೇರೆ ಕಡೆಯೂ ಇದು ನಿಂತಿತು. ಕತಾರ್‌ನಲ್ಲಿ 50 ವರ್ಷದೊಳಗಿನ, ಶುಗರ್ ಬಂದು ಮೂರು ವರ್ಷ ಮೀರದವರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಅಲ್ಲಿ ಶೇ 61 ಜನರಿಗೆ ಫಲ ಸಿಕ್ಕಿತ್ತು.

ಡೈರೆಕ್ಟ್ ಜೊತೆಗೇ ಎಂಆರ್‌ಐ ಅಧ್ಯಯನವೂ ನಡೆದಿತ್ತು. ಟೈಪ್ 2 ಮಧುಮೇಹಿಗಳ ಪ್ಯಾಂಕ್ರಿಯಾಸ್ ಆರೋಗ್ಯವಂತರದಕ್ಕಿಂತ ಸುಮಾರು ಐದನೇ ಒಂದು ಭಾಗ ಚಿಕ್ಕದು, ಅದರ ಅಂಚು ಅಂಕುಡೊಂಕು. ಶುಗರ್ ಹೋದವರಲ್ಲಿ ಎರಡು ವರ್ಷದ ಹೊತ್ತಿಗೆ ಗ್ರಂಥಿ ಮತ್ತೆ ದೊಡ್ಡದಾಗಿತ್ತು, ಅಂಚು ನಯವಾಗಿತ್ತು. ಇನ್ಸುಲಿನ್‌ಗೆ ಸುತ್ತಲ ಅಂಗಾಂಶ ಬೆಳೆಸುವ ಗುಣವೂ ಇದೆ, ಸ್ರವಿಕೆ ಮರಳಿದ್ದರಿಂದ ಗ್ರಂಥಿ ಬೆಳೆಯಿತು ಎಂಬುದು ತಂಡದ ವಿವರಣೆ. 2020ರಲ್ಲಿ ಇದು ಪ್ರಕಟವಾದಾಗ, ನ್ಯೂಕ್ಯಾಸಲ್ ಫಲಿತಾಂಶಗಳನ್ನು ಅನುಮಾನದಿಂದ ನೋಡುತ್ತಿದ್ದವರೂ ಒಮ್ಮೆ ನಿಂತು ನೋಡುವಂತಾಯಿತು. ಬರೀ ಶುಗರ್ ಅಂಕಿಯಾದರೆ ನಾಲ್ಕು ದಿನ ಪಥ್ಯ ಮಾಡಿದರೂ ಇಳಿಯುತ್ತದೆ. ಒಂದು ಅಂಗದ ಆಕಾರ ಸುಮ್ನೆ ಬದಲಾಗುವುದಿಲ್ಲ.

ಐದು ವರ್ಷದ ನಂತರ

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಜಾಹೀರಾತಿನವರು ಇಲ್ಲಿಗೇ ನಿಲ್ಲಿಸುತ್ತಾರೆ.

ಎರಡನೇ ವರ್ಷಕ್ಕೆ ಶೇ 46 ಇದ್ದದ್ದು ಶೇ 36ಕ್ಕೆ ಇಳಿಯಿತು. ಆಮೇಲೆ ಒಪ್ಪಿದವರನ್ನು ಐದು ವರ್ಷದವರೆಗೆ ಹಿಂಬಾಲಿಸಿದರು. ಅದರ ವಿವರ 2024ರಲ್ಲಿ ಬಂತು. ಪಥ್ಯದ ಗುಂಪಿನಿಂದ ಮುಂದುವರಿದ 85 ಜನರಲ್ಲಿ ಐದನೇ ವರ್ಷಕ್ಕೆ ಗುಳಿಗೆಯಿಲ್ಲದೆ ಶುಗರ್ ಸಹಜವಾಗಿದ್ದವರು ಶೇ 13. ತೂಕದಲ್ಲಿ ಉಳಿದ ಇಳಿಕೆ ಸರಾಸರಿ 6.1 ಕಿಲೋ. ಆರಂಭದಲ್ಲಿ ಗೆದ್ದವರಲ್ಲಿ ಹೆಚ್ಚಿನವರಿಗೆ ಶುಗರ್ ಮತ್ತೆ ಬಂದಿತ್ತು.

ತೂಕ ಮರಳಿದ ಹಾಗೆ ಶುಗರ್ ಮರಳುತ್ತದೆ. ಮರಳುವ ದಾರಿಯನ್ನೂ ಈ ತಂಡ ಎಂಆರ್‌ಐನಲ್ಲಿ ಹಿಡಿದಿದೆ. ಮತ್ತೆ ಕಾಯಿಲೆ ಬಂದವರಲ್ಲಿ ಯಕೃತ್ತಿನ ಕೊಬ್ಬು ಹೆಚ್ಚಿತು, ವಿಎಲ್‌ಡಿಎಲ್ ಹೆಚ್ಚಿತು, ಪ್ಯಾಂಕ್ರಿಯಾಸ್‌ನ ಕೊಬ್ಬು ಹೆಚ್ಚಿತು, ಮೊದಲ ಹಂತದ ಸ್ರವಿಕೆ ಮತ್ತೆ ಕುಸಿಯಿತು. ಎರಡು ಚಕ್ರದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ರೋಗಿಗಳ ದೃಷ್ಟಿಯಿಂದ ಇದಕ್ಕಿಂತ ಬೇಸರದ ಸಾಕ್ಷಿಯೂ ಇಲ್ಲ.

ಹಾಗಂತ ಇದನ್ನು ಸೋಲು ಎನ್ನಲು ನಾನು ಒಪ್ಪುವುದಿಲ್ಲ. ಎರಡು ವರ್ಷವೂ ಕನಿಷ್ಠ 10 ಕಿಲೋ ಇಳಿಕೆ ಉಳಿಸಿಕೊಂಡವರಲ್ಲಿ ಶೇ 64 ಜನ ಕಾಯಿಲೆಯಿಂದ ಹೊರಗಿದ್ದರು. ಐದು ವರ್ಷದ ಲೆಕ್ಕದಲ್ಲಿ ಗಂಭೀರ ಆರೋಗ್ಯ ಸಮಸ್ಯೆಗಳು ಪಥ್ಯದ ಗುಂಪಿನಲ್ಲಿ ಇನ್ನೊಂದು ಗುಂಪಿನ ಅರ್ಧಕ್ಕಿಂತ ಕಡಿಮೆ ಇದ್ದವು. ಕೆಲವು ವರ್ಷ ಸಕ್ಕರೆ ಸಹಜವಾಗಿದ್ದರೂ ರಕ್ತನಾಳಗಳಿಗೆ ಅಷ್ಟು ವರ್ಷದ ಪೆಟ್ಟು ತಪ್ಪಿದ ಹಾಗೇ. ಸೋತದ್ದು ಇದ್ದರೆ ಪಥ್ಯದ ನಂತರದ ಬೆಂಬಲ. ಮೂರು ತಿಂಗಳು ಸೂಪು ಕುಡಿಸಲು ವ್ಯವಸ್ಥೆ ಇದೆ. ಆಮೇಲಿನ ಹತ್ತು ವರ್ಷಕ್ಕೆ ಏನು ಎಂಬುದಕ್ಕೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ.

ಆ ಜಾಗಕ್ಕೆ ಹೊಸ ಔಷಧಿಗಳು ಬಂದಿವೆ. ಸೆಮಗ್ಲುಟೈಡ್, ಟಿರ್ಜೆಪಟೈಡ್ ಹಸಿವನ್ನೇ ತಗ್ಗಿಸಿ ತೂಕ ಇಳಿಸುತ್ತವೆ, ಶುಗರ್ ಕೂಡ. ಆದರೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾ ಶುಗರ್ ಸಹಜವಾಗಿದ್ದರೆ ಅದನ್ನು ರೆಮಿಷನ್ ಎನ್ನುವುದಿಲ್ಲ. ತಜ್ಞರು 2021ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಂತೆ, ಸಕ್ಕರೆ ಇಳಿಸುವ ಎಲ್ಲ ಔಷಧಿ ಬಿಟ್ಟು ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿರಬೇಕು. ಈ ಔಷಧಿ ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಮರಳುತ್ತದೆ. ಪಥ್ಯದಿಂದ ತೂಕ ಇಳಿಸಿ, ಮರಳಿ ಏರದಂತೆ ಔಷಧಿ ಬಳಸುವ ಜೋಡಿ ದಾರಿ ನನಗೆ ಹೆಚ್ಚು ವಿವೇಕದ್ದು ಅನ್ನಿಸುತ್ತದೆ.

ತೆಳ್ಳಗಿದ್ದವರ ಶುಗರ್

'ದಪ್ಪಗಿರುವ ನೂರಾರು ಜನಕ್ಕೆ ಶುಗರ್ ಇಲ್ಲ, ತೆಳ್ಳಗಿರುವ ನನಗೆ ಯಾಕೆ?' ಇದು ನ್ಯಾಯವಾದ ಪ್ರಶ್ನೆ. ಟೇಲರ್ ಮತ್ತು ಆಕ್ಸ್‌ಫರ್ಡಿನ ರೂರಿ ಹಾಲ್ಮನ್ 2015ರಲ್ಲಿ ಇದಕ್ಕೊಂದು ಉತ್ತರ ಮುಂದಿಟ್ಟರು. ಕೆರೆಗಳೆಲ್ಲ ಒಂದೇ ಗಾತ್ರದವಲ್ಲ. ಚರ್ಮದ ಕೆಳಗೆ ಕೊಬ್ಬು ಹಿಡಿಸುವ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 40 ದಾಟಿದರೂ ಕೋಡಿ ಹರಿಯುವುದಿಲ್ಲ. ಕೆಲವರಿಗೆ 23ರಲ್ಲೇ ಹರಿಯುತ್ತದೆ.

ಇದನ್ನು ಪರೀಕ್ಷಿಸಲು ರಿಟ್ಯೂನ್ ಎಂಬ ಚಿಕ್ಕ ಅಧ್ಯಯನ ಮಾಡಿದರು. ಬಿಎಂಐ 27ರ ಒಳಗಿದ್ದ 20 ಮಧುಮೇಹಿಗಳು ತೂಕ ಇಳಿಸಿದರು. ಸರಾಸರಿ ಬಿಎಂಐ 24.8ರಿಂದ 22.5ಕ್ಕೆ ಬಂತು. 14 ಜನರಿಗೆ ಶುಗರ್ ಹೋಯಿತು. ನೋಡಲು ತೆಳ್ಳಗಿದ್ದ ಇವರ ಯಕೃತ್ತು ಮತ್ತು ಪ್ಯಾಂಕ್ರಿಯಾಸ್‌ನಲ್ಲಿ ಮೊದಲು ಕೊಬ್ಬಿತ್ತು, ನಂತರ ಇಳಿದಿತ್ತು. ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವುದು ಗೊತ್ತೇ ಇದೆ. ಅಂತಹ 25 ಜನರ ಮೇಲೆ ಸ್ಕಾಟ್ಲೆಂಡಿನಲ್ಲಿ ನಡೆದ ಪ್ರಯೋಗದಲ್ಲೂ ಹತ್ತರಲ್ಲಿ ನಾಲ್ವರಷ್ಟು ಜನರಿಗೆ ಫಲ ಸಿಕ್ಕಿತು. ಎರಡೂ ಚಿಕ್ಕ ಅಧ್ಯಯನ. ದಾರಿ ತೋರಿಸುತ್ತವೆ, ತೀರ್ಪು ಕೊಡುವಷ್ಟು ದೊಡ್ಡವಲ್ಲ.

ತಕರಾರುಗಳು

ಎಲ್ಲ ಸಂಶೋಧಕರೂ ಟೇಲರ್ ಅವರ ವಿವರಣೆಯನ್ನು ಪೂರ್ತಿ ಒಪ್ಪಿಲ್ಲ. ತೂಕ ಇಳಿದರೆ ಶುಗರ್ ಹೋಗಬಹುದು ಎಂಬುದರಲ್ಲಿ ತಕರಾರಿಲ್ಲ. ವಾದ ಇರುವುದು ಪ್ಯಾಂಕ್ರಿಯಾಸ್‌ನ ಕೊಬ್ಬಿನ ಬಗ್ಗೆ. ಎಂಆರ್‌ಐ ಇಡೀ ಗ್ರಂಥಿಯ ಕೊಬ್ಬು ಅಳೆಯುತ್ತದೆ. ಬೀಟಾ ಕೋಶಗಳು ಅದರಲ್ಲಿ ಶೇ 2ಕ್ಕಿಂತ ಕಡಿಮೆ. ಅಳೆದ ಕೊಬ್ಬು ಆ ಕೋಶಗಳ ಒಳಗಿದೆಯೋ ಪಕ್ಕದಲ್ಲಿದೆಯೋ ಎಂದು ಯಂತ್ರ ಹೇಳುವುದಿಲ್ಲ. ಕೆಲವು ಬೇರೆ ತಂಡಗಳಿಗೆ ಪ್ಯಾಂಕ್ರಿಯಾಸ್ ಕೊಬ್ಬಿಗೂ ಇನ್ಸುಲಿನ್ ಸ್ರವಿಕೆಗೂ ನೇರ ಸಂಬಂಧ ಕಂಡಿಲ್ಲ. ಟೇಲರ್ ತಂಡದ ಅಂಕಿಗಳಲ್ಲೇ ಒಂದು ತೊಡಕಿದೆ. ಡೈರೆಕ್ಟ್‌ನಲ್ಲಿ ತೂಕ ಇಳಿಸಿಯೂ ಶುಗರ್ ಹೋಗದವರ ಪ್ಯಾಂಕ್ರಿಯಾಸ್‌ನಲ್ಲೂ ಕೊಬ್ಬು ಕರಗಿತ್ತು. ಕೊಬ್ಬು ಹೋಗುವುದು ಬೇಕೇ ಬೇಕು, ಆದರೆ ಅದೊಂದೇ ಸಾಲದು ಎನ್ನುವುದು ತಂಡದ ಉತ್ತರ. ಬರೀ ಯಕೃತ್ತಿನ ಹೊರೆ ಇಳಿದು ಬೀಟಾ ಕೋಶಗಳಿಗೆ ವಿಶ್ರಾಂತಿ ಸಿಕ್ಕಿದ್ದರಿಂದಲೂ ಇದು ಆಗಿರಬಹುದು ಎಂದು ಇನ್ನೊಬ್ಬರು ಹೇಳಬಹುದು. ನನಗೆ ಯಕೃತ್ತಿನ ಚಕ್ರ ಗಟ್ಟಿಯಾಗಿ ಕಾಣುತ್ತದೆ. ಪ್ಯಾಂಕ್ರಿಯಾಸ್‌ನ ಚಕ್ರ ಸರಿಯಾದ ದಿಕ್ಕಿನಲ್ಲಿದೆ, ಇನ್ನೂ ಪೂರ್ತಿ ಬಿಗಿಯಾಗಿಲ್ಲ.

ಚಿಕಿತ್ಸೆಯ ರೀತಿ ಬದಲಿಸಲು ಈ ವಾದ ಮುಗಿಯುವವರೆಗೆ ಕಾಯಬೇಕಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2020ರಲ್ಲೇ ಇಂತಹ ಕಾರ್ಯಕ್ರಮವನ್ನು ಕೆಲವು ಕಡೆ ಶುರು ಮಾಡಿ, ಆಮೇಲೆ ಇಡೀ ಇಂಗ್ಲೆಂಡಿಗೆ ಹರಡಿದೆ. ಆದರೆ ಶುಗರ್ ಪತ್ತೆಯಾದ ದಿನ ಒಂದು ಗುಳಿಗೆ ಬರೆದು, 'ಸ್ವಲ್ಪ ವಾಕ್ ಮಾಡಿ, ಸಿಹಿ ಬಿಡಿ, ಮೂರು ತಿಂಗಳಿಗೆ ಬನ್ನಿ' ಎನ್ನುವುದೇ ಇನ್ನೂ ಹಲವು ಕಡೆ ರೂಢಿ. ಬೀಟಾ ಕೋಶಗಳು ಮರಳುವ ಸಾಧ್ಯತೆ ಅತಿ ಹೆಚ್ಚಿರುವ ವರ್ಷಗಳು ಹೀಗೆಯೇ ಕಳೆದುಹೋಗುತ್ತವೆ. ಆರು, ಎಂಟು ವರ್ಷ ಆದಮೇಲೆ ಗುಳಿಗೆ ಮೂರಾದಾಗ ತೂಕದ ಮಾತು ಗಂಭೀರವಾಗುತ್ತದೆ. ಅಷ್ಟರಲ್ಲಿ ಬಾಗಿಲು ಅರ್ಧ ಮುಚ್ಚಿರುತ್ತದೆ.

ಇದನ್ನು ಓದಿ ನಾಳೆಯಿಂದಲೇ 800 ಕ್ಯಾಲೊರಿಗೆ ಇಳಿಯುವವರಿಗೆ ಒಂದು ಮಾತು. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಅಲ್ಲಿ ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಅಪಾಯ. ಪ್ಯಾಂಕ್ರಿಯಾಸ್‌ನ ಊತ ಅಥವಾ ಆಪರೇಷನ್ನಿನಿಂದ ಬಂದ ಶುಗರ್‌ಗೂ ಈ ದಾರಿ ಅಲ್ಲ. ಟೈಪ್ 2 ಇದ್ದರೂ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರು ಊಟ ಮಾತ್ರ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆ ತೆಗೆದುಕೊಳ್ಳುವವರಿಗೆ ಅತಿ ಕಡಿಮೆ ಆಹಾರದಿಂದ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯದ ಸ್ಥಿತಿ, ಆಗಬಹುದು. ಬಿಪಿ ಗುಳಿಗೆಯೂ ಹೊಂದಿಸಬೇಕು. ಗರ್ಭಿಣಿಯರು, ಕಿಡ್ನಿ ಸಮಸ್ಯೆ ಇರುವವರು ಇದಕ್ಕೆ ಕೈಹಾಕಬಾರದು. ಡೈರೆಕ್ಟ್‌ನಲ್ಲಿ ಗುಳಿಗೆ ನಿಲ್ಲಿಸಿದ್ದು ವೈದ್ಯರು ಮತ್ತು ನರ್ಸ್‌ಗಳ ಕಣ್ಣೆದುರಿಗೆ.

ರೆಮಿಷನ್ ಸಿಕ್ಕವರ ಕಡತವೂ ಅಲ್ಲಿಗೆ ಮುಚ್ಚುವುದಿಲ್ಲ. ಸಕ್ಕರೆ ಜಾಸ್ತಿ ಇದ್ದ ವರ್ಷಗಳ ಪೆಟ್ಟು ಕಣ್ಣಿನಲ್ಲಿ, ಕಿಡ್ನಿಯಲ್ಲಿ ತಡವಾಗಿ ಕಾಣಿಸಿಕೊಳ್ಳಬಹುದು. ಸಕ್ಕರೆ ಬೇಗ ಇಳಿದಾಗ ಕಣ್ಣಿನ ರೆಟಿನಾ ತೊಂದರೆ ಸ್ವಲ್ಪ ಕಾಲ ಹೆಚ್ಚುವುದೂ ಉಂಟು. ಅದಕ್ಕೇ 2021ರ ತಜ್ಞರ ಒಪ್ಪಂದ ರೆಮಿಷನ್ ಬಂದ ಮೇಲೂ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ ಮಾಡಿಸಿ ಎನ್ನುತ್ತದೆ. ಜೊತೆಗೆ ಕಣ್ಣು, ಕಿಡ್ನಿ, ಪಾದಗಳ ತಪಾಸಣೆ ಎಂದಿನಂತೆ ನಡೆಯಬೇಕು.